ಒಳಗೆ ಬಂದ ಆಮೆಯ ಗುರುತು

ನಾನು ಚಿಕ್ಕವನಿದ್ದಾಗ ಒಂದು ಸುಳ್ಳು ಹೇಳಿದೆ. ಸುಳ್ಳು ಹೇಳದ ಮಕ್ಕಳು ಎಲ್ಲಿದ್ದಾರೆ ಅಜ್ಜಾ ಎಂದು ನೀವು ನಗಬಹುದು. ನಗಿ, ಬೇಡ ಅನ್ನುವುದಿಲ್ಲ. ಆದರೆ ನಡುವೆ ಎದ್ದು ಹೋಗಬೇಡಿ, ಪೂರ್ತಿ ಕೇಳಿ.

ಆಗ ನನಗೆ ಒಂಬತ್ತು ವರ್ಷ. ಮುಂಬಯಿಯ ಆಂಟಾಪ್ ಹಿಲ್‌ನ ಒಂದು ಕೊಳದ ಪಕ್ಕದಲ್ಲಿ ತಗಡಿನ ಗುಡಿಸಲು ಹಾಕಿಕೊಂಡು ಅಪ್ಪ, ಅವ್ವ, ಅಕ್ಕ, ನಾನು ಇದ್ದೆವು. ಅಪ್ಪ ವಿಜಾಪುರದ ಕಡೆಯವನು. ನಮ್ಮದು ಮುತ್ತಜ್ಜನ ಕಾಲದಿಂದ ಊರೂರು ತಿರುಗಿ ಕೆರೆ, ಬಾವಿ ತೋಡುತ್ತಿದ್ದ ಮನೆತನ. ಮುಂಬಯಿಗೆ ಬಂದ ಮೇಲೆ ಕೆಲಸವೇ ತಲೆಕೆಳಗಾಯಿತು. ಇಲ್ಲಿ ಅಪ್ಪನಿಗೆ ಸಿಕ್ಕಿದ್ದು ಕೊಳ ಮುಚ್ಚುವ ಕೆಲಸ. ನಮ್ಮ ಎದುರಿನ ಆ ಕೊಳಕ್ಕೆ ಕಲ್ಲುಮಣ್ಣು ತುಂಬಿ, ಅದರ ಮೇಲೆ ಬಿಲ್ಡಿಂಗ್ ಕಟ್ಟುವುದಿತ್ತು. ಹತ್ತು ಜನ ಕೂಲಿಗಳಿಗೆ ಅಪ್ಪ ಮೇಸ್ತ್ರಿ. ಯಾವ ಲಾರಿ ಎಲ್ಲಿ ಮಣ್ಣು ಸುರಿಯಬೇಕು ಎಂದು ಕೈಯೆತ್ತಿ ತೋರಿಸುವವನು ಅವನೇ.

ಆ ಕೆಲಸಕ್ಕೂ ಅಪ್ಪ ತನ್ನದೇ ಒಂದು ಕಟ್ಟಳೆ ಮಾಡಿಕೊಂಡಿದ್ದ. ಮೂರು ಕಡೆಯಿಂದ ಮುಚ್ಚುತ್ತ ಬಂದು, ರೈಲು ಹಳಿಯ ಕಡೆಯ ಮೂಲೆಯನ್ನು ಮಾತ್ರ ಕೊನೆಯವರೆಗೂ ಬಿಡುತ್ತಿದ್ದ. ಹಳಿಯ ಆಚೆ ಇನ್ನೊಂದು ದೊಡ್ಡ ಹೊಂಡವಿತ್ತು. ನೀರಿನ ಜೀವಗಳೆಲ್ಲ ಆ ಮೂಲೆಯಿಂದ ಅಲ್ಲಿಗೆ ದಾಟಿಕೊಳ್ಳಲಿ ಎಂದು ಅವನ ಆಸೆ. "ನಮಗ ಹೊಟ್ಟಿ ಐತಿ, ಮುಚ್ಚತೀವಿ. ಅವು ಏನ್ ತಪ್ಪು ಮಾಡ್ಯಾವು? ಹೋಗಾಕ ದಾರಿಯರ ಬಿಡಬೇಕಲ್ಲ," ಎನ್ನುತ್ತಿದ್ದ. ಗುತ್ತಿಗೆದಾರನ ಕಡೆಯ ಸೂಪರ್‌ವೈಜರ್ ಇದನ್ನು ಕೇಳಿ, "ಅರೇ ಮೇಸ್ತ್ರಿ, ಕಛುಏ ಕೇ ಲಿಯೇ ಕಾಮ್ ರುಕೇಗಾ ಕ್ಯಾ?" ಎಂದು ಗೇಲಿ ಮಾಡುತ್ತಿದ್ದ. ಆಮೆಗಾಗಿ ಯಾರಾದರೂ ಕೆಲಸ ನಿಲ್ಲಿಸುತ್ತಾರೆಯೇ ಎಂದು ಅವನ ಮಾತು. ಆದರೂ ಅಪ್ಪನ ಕೆಲಸ ಅಚ್ಚುಕಟ್ಟು ಎಂದು ಸುಮ್ಮನಿರುತ್ತಿದ್ದ.

ಯಾವ ಜೀವ ಹೋಯಿತು, ಯಾವುದು ಉಳಿಯಿತು ಎಂದು ತಿಳಿಯುವುದು ಹೇಗೆ? ಅದಕ್ಕೇ ಅಕ್ಕ ದಿನಾ ಸಂಜೆ ಒಂದು ಒದ್ದೆ ಗೋಣಿಚೀಲದ ಮೇಲೆ ಎರಡು ಇಟ್ಟಿಗೆ ಇಟ್ಟು, ಹಗ್ಗ ಕಟ್ಟಿ, ಆ ಮೂಲೆಯ ಕೆಸರಿನ ಮೇಲೆ ಎಳೆಯುತ್ತಿದ್ದಳು. ಹಳೆಯ ಗುರುತೆಲ್ಲ ಅಳಿಸಿ ದಂಡೆ ನುಣ್ಣಗಾಗುತ್ತಿತ್ತು. ಬೆಳಿಗ್ಗೆ ಅಪ್ಪ ಕುಕ್ಕರುಗಾಲಲ್ಲಿ ಕೂತು ಅದನ್ನು ಓದುತ್ತಿದ್ದ. ಅವನಿಗೆ ಅಕ್ಷರ ಬರುತ್ತಿರಲಿಲ್ಲ, ಕೆಸರು ಮಾತ್ರ ಚೆನ್ನಾಗಿ ಓದಲು ಬರುತ್ತಿತ್ತು.

ನಮಗೂ ಕಲಿಸಿದ್ದ. ಮುಂದೆ ಮೂರು ಬೆರಳು, ಹಿಂದೆ ಒಂದು, ಒಂದರ ಮುಂದೊಂದು ನೆಟ್ಟಗೆ ನಡೆದಿದ್ದರೆ ಕೊಕ್ಕರೆ. ಬಿಲದ ಬಾಯಲ್ಲಿ ಸಣ್ಣ ಸಣ್ಣ ಮಣ್ಣಿನ ಉಂಡೆಗಳಿದ್ದರೆ ಒಳಗೆ ಏಡಿ. ಉದ್ದಕ್ಕೆ ಅಂಕುಡೊಂಕಾಗಿ ಗೀರಿದ್ದರೆ ನೀರುಹಾವು. ನೆನೆಸಿದ ಸಾಬುದಾಣಿಯ ಹಾಗೆ ಹುಲ್ಲಿಗೆ ಅಂಟಿ, ಒಂದೊಂದರಲ್ಲೂ ಕಪ್ಪು ಚುಕ್ಕೆ ಇದ್ದರೆ ಕಪ್ಪೆಯ ಮೊಟ್ಟೆ. ಒಡೆದ ಏಡಿಚಿಪ್ಪಿನ ಪಕ್ಕ ಉಗುರಿನ ಗುರುತಿದ್ದರೆ ಮುಂಗುಸಿ ಬಂದು ಊಟ ಮಾಡಿ ಹೋಗಿದೆ. ಆಮೆಯದಂತೂ ಎಲ್ಲಕ್ಕಿಂತ ಚೆಂದ. ಎರಡೂ ಬದಿಗೆ ಉಗುರಿನ ಸಾಲು, ನಡುವೆ ಹೊಟ್ಟೆ ಎಳೆದ ನುಣುಪು ಪಟ್ಟಿ. "ನೋಡಲೇ, ಉಗುರು ಮಣ್ಣನ್ನ ಹಿಂದಕ ತಳ್ಳೈತಿ. ಗುಡ್ಡಿ ನೀರಿನ ಕಡೆ ಇದ್ರ ಹೊರಗ ಹೋಗೈತಿ. ದಂಡಿ ಕಡೆ ಇದ್ರ ಒಳಗ ಬಂದೈತಿ," ಎಂದು ಅಪ್ಪ ನನ್ನ ಬೆರಳು ಹಿಡಿದು ಆ ಗುಡ್ಡೆ ಮುಟ್ಟಿಸಿದ್ದ.

ಸಂಕ್ರಾಂತಿ ಹತ್ತಿರ ಬರುವಷ್ಟರಲ್ಲಿ ಆ ಮೂಲೆಯಲ್ಲಿ ಉಳಿದಿದ್ದು ಮೊಣಕಾಲು ನೀರು, ಅದರೊಳಗೆ ಒಂದೇ ಒಂದು ಆಮೆ. ಉಳಿದ ಮೂರು ದಾಟಿ ಹೋಗಿದ್ದವು. ಇದು ಮಾತ್ರ ಮಹಾ ಮೊಂಡು. ರಾತ್ರಿ ಹೊರಗೆ ಹೋಗಿ, ಬೆಳಗಾಗುವ ಮುಂಚೆ ವಾಪಸ್ಸು ಬರುತ್ತಿತ್ತು. ಅಕ್ಕ ಅದಕ್ಕೆ 'ಮುದುಕಿ' ಎಂದು ಹೆಸರಿಟ್ಟಿದ್ದಳು. ಸೂಪರ್‌ವೈಜರ್‌ನ ತಾಳ್ಮೆ ಮುಗಿಯುತ್ತ ಬಂದಿತ್ತು. ಮುದುಕಿ ಹೋದ ದಿನ ತುಂಬಿಬಿಡುತ್ತೇನೆ, ಹೋಗದಿದ್ದರೆ ಹಿಡಿದು ನಾನೇ ದಾಟಿಸುತ್ತೇನೆ, ಎರಡು ದಿನ ಕೊಡಿ ಎಂದು ಅಪ್ಪ ಅವನನ್ನು ಒಪ್ಪಿಸಿದ್ದ.

ಆ ಸಂಜೆ ಅಕ್ಕನಿಗೆ ಚಳಿಜ್ವರ. ಗೋಣಿ ಎಳೆಯುವ ಕೆಲಸ ನನ್ನ ಪಾಲಿಗೆ ಬಂತು. ಬೆಳಿಗ್ಗೆ ಅಪ್ಪನಿಗಿಂತ ಮೊದಲು ನಾನೇ ಓದಿ ಹೇಳಬೇಕು ಎಂಬ ಜಂಬದಲ್ಲಿ ಬೆಳಕು ಹರಿಯುವಾಗಲೇ ಎದ್ದು ಓಡಿದೆ. ಮುದುಕಿಯ ಗುರುತು ಎರಡಿದ್ದವು. ಒಂದು ಹೊರಗೆ ಹೋಗಿತ್ತು. ನಾಲ್ಕು ಮಾರು ಆಚೆ, ಇನ್ನೊಂದು ಒಳಗೆ ಬಂದಿತ್ತು. ಗುಡ್ಡೆಗಳನ್ನು ಮುಟ್ಟಿ ನೋಡಿದೆ. ಸರಿಯಾಗಿಯೇ ಓದಿದ್ದೆ, ಮಕ್ಕಳೇ. ಅದೇ ನನ್ನ ಕರ್ಮ.

ಅಷ್ಟರಲ್ಲಿ ನೀರಿನಂಚಿನಲ್ಲಿ ಬಿದ್ದಿದ್ದ ಒಂದು ಕೆಂಪು ಪತಂಗ ಕಣ್ಣಿಗೆ ಬಿತ್ತು. ಯಾರೋ ಹಾರಿಸಿದ ಗಾಳಿಪಟ, ಹಿಂದಿನ ಸಂಜೆ ದಾರ ಕಡಿದು ಬಂದು ಬಿದ್ದಿದ್ದು. ಬೆಳಿಗ್ಗೆ ಅಪ್ಪ ನೋಡುವವರೆಗೆ ಆ ಕೆಸರಿಗೆ ಯಾರೂ ಕಾಲಿಡಬಾರದು ಎಂಬುದು ನಮ್ಮ ಮನೆಯ ಕಟ್ಟುನಿಟ್ಟು. ಅದೆಲ್ಲ ಮರೆತೇಹೋಯಿತು. ದಡದಡ ಓಡಿ ಪತಂಗ ಹಿಡಿದು ತಿರುಗಿ ನೋಡುತ್ತೇನೆ, ಒಳಗೆ ಬಂದ ಗುರುತಿನ ಮೇಲೆಲ್ಲ ನನ್ನ ಕಾಲಿನ ಗುಂಡಿಗಳು. ಅಪ್ಪನ ಏಟು ನಿಮಗೆ ಗೊತ್ತಿಲ್ಲ, ಬಿಡಿ. ಗೋಣಿ ಎಳೆದುಕೊಂಡು ಬಂದು ಆ ಅರ್ಧ ದಂಡೆಯನ್ನು ನುಣ್ಣಗೆ ಮಾಡಿದೆ. ಪತಂಗವನ್ನು ಅಂಗಿಯೊಳಗೆ ತುರುಕಿಕೊಂಡೆ.

ಅಪ್ಪ ಹಲ್ಲುಜ್ಜುತ್ತ ಬಂದ. ಬಹಳ ಹೊತ್ತು ಕೂತು ನೋಡಿದ. ಹೊರಗೆ ಹೋದ ಗುರುತೊಂದೇ ಅವನಿಗೆ ಕಂಡಿತು.

"ಯಾರರ ಇಲ್ಲಿ ಕಾಲಿಟ್ಟಿದ್ರೇನು?" ಎಂದು ಕೇಳಿದ.

"ಇಲ್ಲಪ್ಪಾ."

"ನೀ?"

"ನಾ ಯಾಕ ಕಾಲಿಡ್ತೀನಿ?"

ಅಪ್ಪನ ಮುಖ ಅರಳಿತು. "ಅಂತೂ ಮುದುಕಿ ಹೊಂಟಳು ನೋಡು! ತಣ್ಣಗಿರಲಿ," ಎಂದು ಹಳಿಯ ಕಡೆ ತಿರುಗಿ ಕೈಮುಗಿದ. ಎದ್ದು ಲಾರಿಗೆ ಕೈಯೆತ್ತಿದ.

ಮೊದಲ ಲಾರಿ ಹಿಂದಕ್ಕೆ ಸರಿಯುತ್ತ ಬಂತು. ಆಗ ಹೇಳಬಹುದಿತ್ತು. ಅದು ಸುರಿದು ಹೋದ ಮೇಲೆ ಎರಡನೆಯದು ಬರುವವರೆಗೆ ಒಂದು ಬೀಡಿ ಸೇದುವಷ್ಟು ಹೊತ್ತಿತ್ತು. ಆಗಲೂ ಹೇಳಬಹುದಿತ್ತು. ನೀರು ಪಕ್ಕಕ್ಕೆ ಉಕ್ಕಿತು, ಕೆಸರಿನ ಹುಳಿವಾಸನೆ ಎದ್ದಿತು, ಗುಳ್ಳೆಗಳು ಬಂದವು. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಕೊಳವೇ ಇರಲಿಲ್ಲ.

ಎಂಟು ದಿನ ಕಳೆದು ಪಾಯ ತೋಡುವಾಗ ಅಪ್ಪನ ಗುದ್ದಲಿಗೆ ಏನೋ ಟಕ್ಕೆಂದಿತು. ಬುಟ್ಟಿ ಹಿಡಿದು ನಿಂತಿದ್ದ ಅಕ್ಕ ಕಲ್ಲು ಎಂದುಕೊಂಡು ಕೈಯಿಂದ ಎತ್ತಿದಳು. ಮುದುಕಿ. ಚಿಪ್ಪು ನಡುವೆ ಬಿರಿದಿತ್ತು, ಕತ್ತು ಹೊರಗಿತ್ತು, ಉಗುರಿನ ತುಂಬ ಮಣ್ಣು. ಮೇಲೆ ಬರಲು ತೋಡಿತ್ತು ಅದು. ಅಕ್ಕ ಜೋರಾಗಿ ಅತ್ತಳು. ಅಪ್ಪ ಅಳಲಿಲ್ಲ. ಗುದ್ದಲಿ ಬಿಟ್ಟು ಮಣ್ಣಿನ ಗುಡ್ಡೆಯ ಮೇಲೆ ಕೂತ. "ಹೊರಗ ಹೋಗಿದ್ದ ಕಂಡಿತು. ಒಳಗ ಬಂದಿದ್ದ ಕಾಣಲಿಲ್ಲಲ್ಲ. ನನ್ನ ಕಣ್ಣ ಹೋದುವು," ಎಂದ. ಎರಡು ಸಲ ಅದನ್ನೇ ಹೇಳಿದ.

ನಾನು ಪಕ್ಕದಲ್ಲೇ ನಿಂತಿದ್ದೆ. ಮೊದಲು ಏಟಿಗೆ ಹೆದರಿದ್ದೆ, ಈಗ ಅವನ ಮುಖಕ್ಕೇ ಹೆದರಿದೆ.

ಆಮೇಲೆ ಅಪ್ಪ ಇನ್ನೂ ಎಷ್ಟೋ ಕಡೆ ಕೊಳ ಮುಚ್ಚಿದ. ವಿಲೆ ಪಾರ್ಲೆಯ ಕಡೆ ಮುಚ್ಚಿದ, ಬಾಂದ್ರಾದ ಕಡೆ ಮುಚ್ಚಿದ. ಒಂದು ಕಡೆಯೂ ದಂಡೆಗೆ ಹೋಗಿ ಕೂರಲಿಲ್ಲ. ಮೂಲೆ ಬಿಡಲಿಲ್ಲ, ಗೋಣಿ ಎಳೆಸಲಿಲ್ಲ. ಅಕ್ಕ ಕೇಳಿದರೆ, "ನನ್ನ ಕಣ್ಣ ನಂಬಿ ಇನ್ನೆಷ್ಟು ಜೀವ ತಗೀಲಿ?" ಎನ್ನುತ್ತಿದ್ದ. ಅವನ ಕಣ್ಣಿಗೆ ಏನೂ ಆಗಿರಲಿಲ್ಲ. ಅದು ಗೊತ್ತಿದ್ದವನು ನಾನೊಬ್ಬನೇ. ಮುಪ್ಪಿನಲ್ಲಿ ಅವನು ಹಾಸಿಗೆ ಹಿಡಿದಾಗ ನಾನು ದಿನಾ ತಲೆಯ ಹತ್ತಿರ ಕೂರುತ್ತಿದ್ದೆ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಲೇ ಹೋದೆ. ಒಂದು ದಿನ ಅವನೇ ಹೋಗಿಬಿಟ್ಟ.

ಈಗ ನಿಮ್ಮ ಕಾಲ. ಮೊನ್ನೆ ಭಾನುವಾರ ಸ್ಕೂಲಿನ ಪ್ರಾಜೆಕ್ಟ್ ಎಂದು ನನ್ನನ್ನು ಉದ್ಯಾನದ ಕೊಳಕ್ಕೆ ಎಳೆದುಕೊಂಡು ಹೋದಿರಿ. ಅಲ್ಲಿ ಕಂಬಿ ಇದೆ, ಬೆಂಚು ಇದೆ, ಯಾವ ಹೆಜ್ಜೆ ಯಾರದು ಎಂದು ಬಣ್ಣದ ಬೋರ್ಡು ಇದೆ. ನೀವು ಮೊಬೈಲ್ ಹಿಡಿದು ಟಕಟಕ ಫೋಟೋ ತೆಗೆದಿರಿ. ನೀವು ತೆಗೆದ ಗುರುತನ್ನು ಯಾವ ಗೋಣಿಯೂ ಅಳಿಸುವುದಿಲ್ಲ, ಒಳ್ಳೆಯದೇ. ಕಂಬಿಯ ಆಚೆ ಬಗ್ಗಿ ನಾನು ಆಮೆಯದೊಂದು ಗುರುತು ತೋರಿಸಿದಾಗ ಚಿಕ್ಕವಳು, "ಅಜ್ಜಾ, ಯೇ ಅಂದರ್ ಗಯಾ ಯಾ ಬಾಹರ್? ಒಳಗೆ ಹೋಯ್ತೋ ಹೊರಗೋ, ನಿಂಗೆ ಹೇಗೆ ಗೊತ್ತಾಗುತ್ತೆ?" ಎಂದು ಕೇಳಿದಳು. ನಾನು ಮುಖ ತಿರುಗಿಸಿ ಬೆಂಚಿನ ಕಡೆ ನಡೆದೆ. ಅಜ್ಜನಿಗೆ ಸಿಟ್ಟು ಬಂದಿದೆ ಎಂದುಕೊಂಡು ನೀವು ಆಟವಾಡಲು ಓಡಿದಿರಿ. ಸಿಟ್ಟಲ್ಲ, ಪುಟ್ಟಿ. ಅದನ್ನು ಕಲಿಸಿದವನ ಬೆರಳು ನನ್ನ ಬೆರಳಿನ ಮೇಲೆ ಬಂದ ಹಾಗಾಯಿತು.

ಈ ಮನೆಯಲ್ಲಿ ಯಾರೂ ನಿಮಗೆ ಹೊಡೆಯುವುದಿಲ್ಲ. ಆದರೂ ನೀವು ಒಂದೊಂದು ಮಾತನ್ನು ನುಂಗುವುದು ನನಗೆ ಕಾಣುತ್ತದೆ. ನಿಮ್ಮ ಅಪ್ಪ ಏಳು ಗಂಟೆಯ ಲೋಕಲ್‌ಗೆ ಬರುತ್ತಾನೆ. ಹೇಳುವುದಿದ್ದರೆ ಅವನು ಚಪ್ಪಲಿ ಬಿಡುವಷ್ಟರಲ್ಲಿ ಹೇಳಿಬಿಡಿ. ನಾನು ನನ್ನ ಅಪ್ಪನಿಗೆ ಹೇಳಬೇಕಾಗಿದ್ದನ್ನು ಇಷ್ಟು ವರ್ಷದ ಮೇಲೆ ನಿಮಗೆ ಹೇಳುತ್ತಿದ್ದೇನೆ.