ಮೇಷ್ಟ್ರ ಬೆರಳಿನ ಅಳತೆ

ಆ ಭಾನುವಾರ ನಮ್ಮ ಯಜಮಾನರು ಶಾಲೆಯ ಮಕ್ಕಳೊಂದಿಗೆ ಕೂಡ್ಲಿಗಿ ಹೊರಗಿನ ಗುಡ್ಡ ಸುತ್ತಿ ಮಧ್ಯಾಹ್ನ ಮನೆಗೆ ಬಂದರು. ಕೈಯೆಲ್ಲ ಕೆಸರು. ಅಲ್ಲಿ ಕೆಸರಿನಲ್ಲಿ ಮೂಡಿದ ಕರಡಿಯ ಹೆಜ್ಜೆಗಳನ್ನು ಅವರು ತಮ್ಮ ಬೆರಳುಗಳನ್ನು ಅಡ್ಡಲಾಗಿ ಇಟ್ಟು ಅಳೆಯುತ್ತಿದ್ದರು, ಮಕ್ಕಳು ಬರೆದುಕೊಳ್ಳುತ್ತಿದ್ದರು.

“ಒಂದು ಸ್ಕೇಲ್ ಒಯ್ಯಬಾರದೇನ್ರಿ?” ಎಂದೆ.

“ಈ ಹುಡುಗ್ರು ವಾರಕ್ಕೊಂದು ಸ್ಕೇಲ್ ಕಳಿತಾರ. ನನ್ನ ಬೆರಳು ಎಲ್ಲಿಗೆ ಹೋಗ್ತಾವ?” ಎಂದು ನಕ್ಕು, ಕೈ ತೊಳೆದು ಮಂಡಕ್ಕಿ ತಿಂದರು. ಮರುದಿನ ಬೆಳಗ್ಗೆ ಎದೆ ಹಿಡಿದುಕೊಂಡು ಕುಳಿತವರು ಮತ್ತೆ ಏಳಲಿಲ್ಲ.

ಮೂರು ತಿಂಗಳ ನಂತರ ಧಾರವಾಡದ ವನ್ಯಜೀವಿ ವಿಜ್ಞಾನಿಗಳ ಸಮ್ಮೇಳನದಿಂದ ಅವರ ಹೆಸರಿಗೇ ಪತ್ರ ಬಂತು, ಮಕ್ಕಳು ಬರೆದಿಟ್ಟ ಕರಡಿ ಲೆಕ್ಕವನ್ನು ಬಂದು ಓದಿ ಎಂದು. ಆ ಗುಡ್ಡದಲ್ಲಿ ಕಲ್ಲು ಒಡೆಯಲು ಯಾರೋ ಅರ್ಜಿ ಹಾಕಿದ್ದರು. ಮಕ್ಕಳ ಲೆಕ್ಕವನ್ನು ವಿಜ್ಞಾನಿಗಳು ಒಪ್ಪಿದರೆ ಗುಡ್ಡ ಉಳಿಯಬಹುದಿತ್ತು. ಮೆಕ್ಯಾನಿಕ್ ಮಗಳು, ಒಂಬತ್ತನೇ ತರಗತಿಯ ಶಬಾನಾ ಮಾತಾಡುವುದೆಂದಾಯಿತು. ಜೊತೆಗೆ ನಾನು.

ಹೊಸಪೇಟೆ ಬಸ್ಸು ಕೆಟ್ಟು ನಿಂತಿತ್ತು. ಕೊಟ್ಟೂರಿಗೆ ಹೋಗಿ ರೈಲು ಹಿಡಿಯಿರಿ ಎಂದರು. ಕೊಟ್ಟೂರು ಬಸ್ಸಿನ ಕಂಡಕ್ಟರು ನಮ್ಮ ಚೀಲಕ್ಕೆ ಕೈ ಹಾಕಿದ.

“ಮ್ಯಾಲ ಹಾಕ್ರಿ ಅಮ್ಮಾ. ಬಂಗಾರ ಐತೇನು ಅದ್ರಾಗ?”

“ಕರಡಿ ಅದಾವ್ರಿ,” ಎಂದಳು ಶಬಾನಾ, ಹೆಜ್ಜೆಗಳ ಅಳತೆ ಬರೆದ ಆರು ನೋಟ್‌ಬುಕ್ಕುಗಳ ಚೀಲವನ್ನು ಅವಚಿಕೊಂಡು.

“ಹಂಗಾರ ಅವಕ್ಕೂ ಟಿಕೆಟ್ ತಗೋರಿ!”

ಬಸ್ಸೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ರೈಲು ಹಗರಿಬೊಮ್ಮನಹಳ್ಳಿಯಲ್ಲಿ ಒಂದು ತಾಸು ಸುಮ್ಮನೆ ನಿಂತಿತು. ಯಾಕೆ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಕಟ್ಟಿಕೊಂಡು ಬಂದಿದ್ದ ರೊಟ್ಟಿ ಬಿಸಿಲಿಗೆ ಹಪ್ಪಳದಂತಾಗಿತ್ತು.

ಧಾರವಾಡದಲ್ಲಿ ನಮ್ಮ ಹೆಸರು ಪಟ್ಟಿಯಲ್ಲೇ ಇರಲಿಲ್ಲ. “ಮೇಷ್ಟ್ರು ಎಲ್ಲಿ?” ಎಂದು ಮೂರು ಮೇಜಿನವರು ಕೇಳಿದರು, ಮೂರು ಸಲವೂ ನಾನೇ ಹೇಳಬೇಕಾಯಿತು. ನಮಗೆ ಕೊಟ್ಟಿದ್ದ ಬೆಳಗಿನ ಹದಿನೈದು ನಿಮಿಷ ಊಟದ ನಂತರದ ಐದು ನಿಮಿಷವಾಯಿತು.

ಶಬಾನಾ ಅಂಜದೆ ಓದಿದಳು: ಇಂಥ ತಿಂಗಳು, ಇಂಥ ಹಳ್ಳ, ತಾಯಿ ಕರಡಿಯ ಹೆಜ್ಜೆ ಎಂಟು ಬೆರಳು, ಮರಿಯದು ಮೂರು. ಮುಂದಿನ ಸಾಲಿನ ಹಿರಿಯ ವಿಜ್ಞಾನಿ ಕೇಳಿದರು, “ಒಂದು ಬೆರಳು ಅಂದ್ರ ಎಷ್ಟು ಸೆಂಟಿಮೀಟರ್, ತಂಗಿ?”

“ನಮ್ಮ ಮೇಷ್ಟ್ರ ಬೆರಳ್ರಿ ಸರ್.”

ಸಭೆ ನಕ್ಕಿತು. “ಹಂಗಾದ್ರ ಅವ್ರನ್ನ ಕರ್ಕೊಂಡು ಬಾ, ಅಳ್ಕೊಳ್ಳೋಣ.”

“ಅವ್ರು ತೀರಿಕೊಂಡಾರ್ರಿ.”

ಅವರು ಕನ್ನಡಕ ತೆಗೆದರು. ಆಮೇಲೆ ಹೊರಗೆ ಬಂದು ನನಗೆ ಕೈಮುಗಿದು, “ಮಕ್ಕಳ ಕೆಲಸ ಚಲೋ ಐತಿ ತಾಯಿ. ಆ ಅಳತಿ ಒಂದು ಸಿಕ್ರ ಅರಣ್ಯ ಇಲಾಖೆಗೆ ನಾನ ಪತ್ರ ಬರೀತೀನಿ,” ಎಂದರು.

ಮರಳುವ ರೈಲಿನಲ್ಲಿ ಶಬಾನಾ ತನ್ನ ಬೆರಳುಗಳನ್ನೇ ನೋಡುತ್ತಿದ್ದಳು. “ಅಮ್ಮಾರ, ನಂದಕ್ಕಿಂತ ಎಷ್ಟು ದಪ್ಪ ಇದ್ವು?” ಎಂದಳು. ಇಪ್ಪತ್ತೆರಡು ವರ್ಷ ಆ ಕೈಗೆ ಊಟ ಬಡಿಸಿದವಳು ನಾನು, ಹೇಳಲಾಗಲಿಲ್ಲ. ಸಿಟ್ಟು ಬಂತು, ಒಂದು ಸ್ಕೇಲ್ ಒಯ್ಯದ ಅವರ ಮೇಲೆಯೇ.

ಮನೆಗೆ ಬಂದು ಪೆಟ್ಟಿಗೆಯೆಲ್ಲ ಹುಡುಕಿದೆ. ಅವರು ಉಂಗುರ ಹಾಕಿದವರಲ್ಲ. ಓದಿದವರಾದ್ದರಿಂದ ಎಲ್ಲಿಯೂ ಹೆಬ್ಬೆಟ್ಟು ಒತ್ತಿಲ್ಲ. ಎಲ್ಲ ಕಡೆ ಸಹಿ. ಅವರು ಅಳೆದ ಹೆಜ್ಜೆಗಳು ಮಳೆಗೆ ಹೋಗಿವೆ. ನೋಟ್‌ಬುಕ್ಕುಗಳು ಆರೂ ಇವೆ. ಬೆರಳಿನ ಅಳತೆ ಸಿಕ್ಕಿಲ್ಲ.