ಬಾಗಿಲ ಹಿಂದೆ ಓದಿದ ತೀರ್ಪು

ಮಧುವನಹಳ್ಳಿಯ ನಮ್ಮ ಮನೆಯಲ್ಲಿ ನನ್ನ ಜಾಗ ಬಾಗಿಲ ಹಿಂದೆ. ಜಗಲಿಯಲ್ಲಿ ಊರಿನ ಗಂಡಸರು ಕೂತಿರುವಾಗ ಮದುವೆಯಾಗದ ಹುಡುಗಿ ಎದುರಿಗೆ ಬರುವಂತಿರಲಿಲ್ಲ. ದನಿ ಮಾತ್ರ ಬರಬಹುದಿತ್ತು. ಹಾಗಾಗಿ ನಾನು ಅರೆ ತೆರೆದ ಕದದ ಹಿಂದೆ ಮಣೆ ಹಾಕಿಕೊಂಡು ಇಂಗ್ಲಿಷ್ ಪೇಪರನ್ನು ಗಟ್ಟಿಯಾಗಿ ಓದಿ, ಆಮೇಲೆ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದೆ. ಕದಕ್ಕೆ ಪಾಠ ಹೇಳುವ ಮೇಷ್ಟ್ರು ಲೋಕದಲ್ಲಿ ನಾನೊಬ್ಬಳೇ ಇರಬೇಕು.

ಮೈಸೂರಿನ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಬಿ.ಎ. ಮುಗಿಸಿ ಬಂದಿದ್ದೆ. ತಹಸೀಲ್ದಾರರೋ ಅಸಿಸ್ಟೆಂಟ್ ಕಮಿಷನರೋ ಆಗಬೇಕೆಂಬ ಹುಚ್ಚು. ಪರೀಕ್ಷೆಗೆ ಅರ್ಜಿ ಹಾಕುತ್ತೇನೆ ಎಂದಾಗ ಅಪ್ಪಾಜಿ ಬೇಡ ಅನ್ನಲಿಲ್ಲ. ಕೊಳ್ಳೇಗಾಲದಿಂದ ಬಸ್ಸಿನಲ್ಲಿ ಪೇಪರ್ ತರಿಸಿದರು, ಸಂವಿಧಾನದ ದಪ್ಪ ಪುಸ್ತಕ ಕೊಡಿಸಿದರು. ನಾನು ಹಿಗ್ಗಿಹೋದೆ.

ಅವರಿಗೆ ಬೇಕಾಗಿದ್ದದ್ದು ಬೇರೆ. ನಮ್ಮ ತಾಲ್ಲೂಕು ಮದರಾಸಿಗೆ ಸೇರಿದ್ದ ಕಾಲದಲ್ಲಿ ಕೊಯಮತ್ತೂರಿನ ಕೋರ್ಟಿಗೆ ಅಲೆದಲೆದು ತಮಿಳು ಕಲಿತಿದ್ದವರು ಅವರು, ಇಂಗ್ಲಿಷ್ ಬರದು. ನಮ್ಮ ಗದ್ದೆಗಳನ್ನು ಬೇರೆಯವರು ಗೇಣಿಗೆ ಉಳುತ್ತಿದ್ದರು. ಉಳುವವನಿಗೇ ಭೂಮಿ ಎಂಬ ಮಾತು ಹನೂರಿನ ಸಂತೆಯವರೆಗೂ ಬಂದು ಮುಟ್ಟಿತ್ತು. ಮೂಲಭೂತ ಹಕ್ಕುಗಳನ್ನು ಪಾರ್ಲಿಮೆಂಟು ಮೊಟಕು ಮಾಡುವಂತಿಲ್ಲ ಎಂದು ದಿಲ್ಲಿಯ ದೊಡ್ಡ ಕೋರ್ಟು ಹಿಂದೊಮ್ಮೆ ಹೇಳಿತ್ತು. ಆಸ್ತಿಯ ಹಕ್ಕೂ ಆಗ ಅವುಗಳಲ್ಲಿ ಸೇರಿತ್ತು. ಈಗ ಕೇರಳದ ಮಠವೊಂದರ ಸ್ವಾಮಿಗಳ ಮೊಕದ್ದಮೆಯಲ್ಲಿ ಅದೇ ವಿಷಯ ಮತ್ತೆ ಎದ್ದಿತ್ತು. ನನಗೆ ಅದು ಪರೀಕ್ಷೆಯ ಪ್ರಶ್ನೆ, ಅಪ್ಪಾಜಿಗೆ ಗದ್ದೆಯ ಪ್ರಶ್ನೆ.

ತೀರ್ಪಿನ ಸುದ್ದಿ ಓದಿದ ದಿನ ಜಗಲಿ ತುಂಬಿತ್ತು. ಪಾರ್ಲಿಮೆಂಟು ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು, ಆದರೆ ಅದರ ಮೂಲ ರಚನೆಯನ್ನು ಕೆಡಿಸುವಂತಿಲ್ಲ ಎಂದೆ.

“ಅಂಗಂದ್ರೆ ಏನವ್ವಾ?” ಎಂದರು ಪಕ್ಕದ ಮನೆಯ ತಾತ.

“ಮನೆಗೆ ಸುಣ್ಣ ಬಳೀಬೋದು ತಾತ, ಕಿಟ್ಕಿ ದೊಡ್ಡದು ಮಾಡ್ಬೋದು. ಕಂಬ ಮಾತ್ರ ಕೀಳಂಗಿಲ್ಲ.”

ಎಲ್ಲರೂ ತಲೆದೂಗಿದ್ದು ಕದದ ಸಂದಿಯಲ್ಲಿ ಕಂಡಿತು. ನನ್ನ ಜಾಣತನಕ್ಕೆ ನಾನೇ ಉಬ್ಬಿದೆ.

“ಜಮೀನು ಆ ಕಂಬದೊಳಕ್ಕೆ ಬತ್ತದಾ?” ಅಪ್ಪಾಜಿಯ ದನಿ.

ಸುಳ್ಳು ಹೇಳಬಹುದಿತ್ತು. ಪರೀಕ್ಷೆಯಲ್ಲಿ ಏನು ಬರೆಯುತ್ತಿದ್ದೆನೋ ಅದನ್ನೇ ಹೇಳಿದೆ. “ಬರಕಿಲ್ಲ ಅಪ್ಪಾಜಿ.”

ಅವರು ಟವೆಲ್ ಕೊಡವಿ ಎದ್ದು ಹೋದರು. ಮಾರನೆಯ ದಿನದಿಂದ ಪೇಪರ್ ನಿಂತಿತು. ಸ್ವಲ್ಪ ದಿನಕ್ಕೇ ಯಳಂದೂರಿನ ಕಡೆಯಿಂದ ಗಂಡಿನವರು ನನ್ನನ್ನು ನೋಡಲು ಬಂದರು.

ಅದರ ನಡುವೆಯೇ ಅಂಚೆಯಲ್ಲಿ ಬಂದ ಪರೀಕ್ಷೆಯ ಹಾಲ್ ಟಿಕೆಟ್ ಹಿಡಿದುಕೊಂಡು, ಬೆಂಗಳೂರಿಗೆ ಕರೆದುಕೊಂಡು ಹೋಗಿ ಎಂದು ಅಪ್ಪಾಜಿಯನ್ನು ಕೇಳಿದೆ. ಅಡುಗೆಮನೆಯಿಂದ ಅವ್ವ ಬೇಡವೆಂದು ಸನ್ನೆ ಮಾಡಿದಳು. ಆದರೆ ಕಾನೂನು ಓದಿದ ನಾಲಿಗೆ ಸುಮ್ಮನಿರುತ್ತದೆಯೇ? ಸರ್ಕಾರದ ಕೆಲಸಕ್ಕೆ ಹೆಣ್ಣು ಗಂಡೆಂಬ ಭೇದ ಮಾಡುವಂತಿಲ್ಲ, ಸಂವಿಧಾನದಲ್ಲೇ ಬರೆದಿದೆ ಎಂದೆ. ಅಪ್ಪಾಜಿ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

“ನೀನೇ ಯೋಳ್ದಲ್ಲವ್ವಾ,” ಎಂದರು. “ನಿನ್ನ ಓದುಸ್ದೆ, ಮೈಸೂರ್ಗೆ ಕಳುಸ್ದೆ, ಪೇಪರ್ ತರುಸ್ದೆ. ನಮ್ಮಪ್ಪನ ಕಾಲ್ದಲ್ಲಿ ಇವ್ಯಾವೂ ಇರ್ನಿಲ್ಲ. ಎಲ್ಲಾನೂ ತಿದ್ದುದ್ನಾ ಇಲ್ವಾ? ಹೆಣ್ಮಕ್ಳು ಗಂಡಸ್ರ ಎದುರ್ಗೆ ಕುಂತ್ಕಳಂಗಿಲ್ಲ ಅನ್ನದು ಈ ಮನೆ ಕಂಬ ಕಣವ್ವಾ. ಅದ ಮಾತ್ರ ಕೀಳಂಗಿಲ್ಲ.”

ಮೈಯೆಲ್ಲ ಉರಿದುಹೋಯಿತು. ನನ್ನ ಮಾತಿನಿಂದಲೇ ನನ್ನ ಬಾಯಿ ಮುಚ್ಚಿಸಿದ್ದರು. ಉತ್ತರ ಹೊಳೆದಿದ್ದರೂ ಅಪೀಲು ಹೋಗಲು ಆ ಮನೆಯ ಮೇಲೆ ಇನ್ನೊಂದು ಕೋರ್ಟು ಇರಲಿಲ್ಲ. ಹಾಲ್ ಟಿಕೆಟನ್ನು ಪುಸ್ತಕದೊಳಗೆ ಇಟ್ಟು, ಅವ್ವನ ಪಕ್ಕ ಹೋಗಿ ಅವರೆಕಾಯಿ ಸುಲಿಯುತ್ತಾ ಕೂತೆ.

ಪರೀಕ್ಷೆಯ ದಿನ ಬಸ್ಸಿನಲ್ಲಿ ಪೇಪರ್ ಮತ್ತೆ ಬಂತು. ಭೂಮಿಯ ಕಾಯಿದೆಯ ಬಗ್ಗೆ ಹೊಸದೇನೋ ಇದೆ ಎಂದು ಕಾಮಗೆರೆಯಲ್ಲಿ ಯಾರೋ ಹೇಳಿದ್ದರಂತೆ. ಜಗಲಿಯಲ್ಲಿ ಜನ ಸೇರಿದ್ದರು. ಅಪ್ಪಾಜಿ ಪೇಪರನ್ನು ಕದದ ಸಂದಿಯಿಂದ ಒಳಕ್ಕೆ ನೀಡಿದರು. “ಓದವ್ವಾ.”

ಬೆಂಗಳೂರಿನಲ್ಲಿ ನನ್ನ ನಂಬರಿನ ಮೇಜು ಖಾಲಿ ಬಿದ್ದಿರುವ ಹೊತ್ತು ಅದು. ನಾನು ಮಣೆಯ ಮೇಲೆ ಕೂತು, ಆ ಸುದ್ದಿಯನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿ ನಿಲ್ಲಿಸಿದೆ.

“ಅಂಗಂದ್ರೆ ಏನವ್ವಾ?” ತಾತ ಕೇಳಿದರು.

ನಾನು ಪುಟ ತಿರುಗಿಸಿ, ಮುಂದಿನ ಸುದ್ದಿಯನ್ನೂ ಇಂಗ್ಲಿಷಿನಲ್ಲೇ ಓದತೊಡಗಿದೆ.