ಹುಸೇನಬಿಯ ಎಡಗೆನ್ನೆ

ಮನೆಮನೆಗೆ ಹೋಗಿ ಬಿಪಿ ನೋಡುವುದು ನನ್ನ ಕೆಲಸ. ಅತನೂರಿನ ಹುಸೇನಬಿಯ ಅಂಗಳದಲ್ಲಿ ನನಗಿಂತ ಮೊದಲೇ ಐದಾರು ಹೆಂಗಸರು ಕೂತಿದ್ದರು. ಮುದುಕಿಯ ಎಡಗೆನ್ನೆ ಆಗಾಗ ತಾನಾಗಿಯೇ ಹಾರುತ್ತಿತ್ತು, ಜೊತೆಗೆ ಆ ಕಡೆಯ ಕಣ್ಣೂ ಮುಚ್ಚಿಕೊಳ್ಳುತ್ತಿತ್ತು. ಹೆಂಗಸರು ಒಂದೊಂದು ಪ್ರಶ್ನೆ ಕೇಳಿ ಉಸಿರು ಬಿಗಿಹಿಡಿದು ಆ ಕೆನ್ನೆಯನ್ನೇ ನೋಡುತ್ತಿದ್ದರು. ಹಾರಿದರೆ ಹೌದು, ಹಾರದಿದ್ದರೆ ಇಲ್ಲ.

ಮುದುಕಿಯ ಬಿಪಿ ನೋಡಿದೆ, ಇನ್ನೂರು ದಾಟಿತ್ತು. ಡಾಕ್ಟರಿಗೆ ಫೋನ್ ಮಾಡಿದೆ. ಕಿವಿಯ ಹಿಂದೆ ರಕ್ತನಾಳ ಮುಖದ ನರವನ್ನು ಒತ್ತಿದರೆ ಹೀಗಾಗುತ್ತದೆ, ಬಿಪಿ ಇದ್ದವರಲ್ಲಿ ಇದು ಹೆಚ್ಚು ಎಂದರು. ಅವರು ಹೇಳಿದ ಗುಳಿಗೆ ತೆಗೆದುಕೊಟ್ಟೆ.

"ಕೆನ್ನಿ ನಿಂತ್ರ ನಮಗ ಹೇಳೋರ್ಯಾರ್ರಿ?" ಎಂದಳು ಪಕ್ಕದ ಮನೆಯ ಕಸ್ತೂರಬಾಯಿ. "ಗುಳಿಗಿ ನುಂಗಬೇಕೋ ಬ್ಯಾಡೋ, ಆ ಕೆನ್ನಿಗೇ ಕೇಳ್ತೇವ್ರಿ."

ಕೇಳಿದರು. ಅಷ್ಟೊತ್ತೂ ಹಾರುತ್ತಿದ್ದ ಕೆನ್ನೆ ಕಲ್ಲಾಗಿ ಕೂತಿತು.

ನನಗೆ ಸಿಟ್ಟು ಬಂತು. ಕಣ್ಣು ಬಿಗಿಯಾಗಿ ಮುಚ್ಚಿ ತೆಗೆದರೆ ಈ ಸೆಳೆತ ಕೆರಳುತ್ತದೆಂದು ನನಗೆ ಗೊತ್ತಿತ್ತು. "ಇನ್ನೊಮ್ಮೆ ಕೇಳೋಣ್ರಿ. ಗಟ್ಟಿ ಕಣ್ಣ ಮುಚ್ಚಿ, ದೇವರನ್ನ ನೆನಸಿ ತೆಗೀರಿ ಅಮ್ಮಾ," ಎಂದೆ. ತೆಗೆದಳು. ಕೆನ್ನೆ ಮೂರು ಸಲ ಹಾರಿತು. ಗುಳಿಗೆ ನುಂಗಿದಳು.

ಗೆದ್ದೆನೆಂದು ಚೀಲ ಎತ್ತಿಕೊಂಡೆ. ಹುಸೇನಬಿ ನನ್ನನ್ನೇ ನೋಡುತ್ತ ಮೆಲ್ಲಗೆ ಕೇಳಿದಳು, "ನಿನಗೂ ಬಿಪಿ ಅದ ಏನವ್ವಾ?"

ಈ ಸಲ ಅವಳು ಕಣ್ಣು ಮುಚ್ಚಿರಲಿಲ್ಲ. ಕೆನ್ನೆ ಒಮ್ಮೆ ಹಾರಿತು. ಹೆಂಗಸರೆಲ್ಲ ನನ್ನತ್ತ ತಿರುಗಿದರು.

ಅದು ಬರೀ ನರದ ಸೆಳೆತ, ಅಷ್ಟೇ. ದಿನಕ್ಕೆ ನಲವತ್ತು ಜನರ ಬಿಪಿ ನೋಡುತ್ತೇನೆ. ನನ್ನದನ್ನು ಮಾತ್ರ ಇನ್ನೂ ನೋಡಿಕೊಂಡಿಲ್ಲ.